ಅಜ್ಜನ ಉರ್ದು, ಅಪ್ಪನ ಕನ್ನಡ, ನನ್ನ ಇಂಗ್ಲಿಷು

ಮುಖ್ಯ ಗುರುಗಳು ಫೋನ್ ಮಾಡಿ, 'ಸುವರ್ಣ ಮಹೋತ್ಸವ ಸಂಚಿಕೆಗೆ ನಿನ್ನ ಕಾಲೇಜಿನ ದಿನಗಳ ಬಗ್ಗೆ ಬರೆದು ಕೊಡು' ಎಂದರು. ಒಪ್ಪಿಕೊಂಡು ಬರೆಯಲು ಕೂತಾಗ ನನ್ನ ಕಾಲೇಜಿನ ಕಥೆ ನನ್ನಿಂದ ಶುರುವಾಗುವುದಿಲ್ಲ ಎನ್ನಿಸಿತು. ನಮ್ಮ ಮನೆಯಲ್ಲಿ ಮೂರು ತಲೆಮಾರು ಸಾಲಿಗೆ ಹೋಗಿದೆ. ಅಜ್ಜ ಓದಿದ್ದು ಉರ್ದುವಿನಲ್ಲಿ, ಅಪ್ಪ ಕನ್ನಡದಲ್ಲಿ, ನಾನು ಬಿ.ಇ. ಮುಗಿಸಿದ್ದು ಇಂಗ್ಲಿಷಿನಲ್ಲಿ. ಮನೆಯಲ್ಲಿ ಆಡುವ ಮಾತು ಮಾತ್ರ ಮೂವರದೂ ಒಂದೇ. ನಾನು ಇತಿಹಾಸ ಓದಿದವನಲ್ಲ, ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂಡುವವನು. ತಪ್ಪಿದ್ದರೆ ಹಿರಿಯರು ತಿದ್ದಬೇಕು.

ಸುರಪುರದ ರಾಜಾ ವೆಂಕಟಪ್ಪ ನಾಯಕರು 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಪ್ರಾಣ ಕಳೆದುಕೊಂಡದ್ದು ನಮ್ಮ ಸೀಮೆಯ ಮಕ್ಕಳಿಗೆಲ್ಲ ಗೊತ್ತು. ಶಾಲೆಯಿಂದ ಹೋದಾಗ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಿದವರೂ ಬಹಳ ಜನ. ರಾಜರು ಇನ್ನೂ ಬಾಲಕರಾಗಿದ್ದಾಗ ಸಂಸ್ಥಾನ ನೋಡಿಕೊಂಡ ಆ ಮೆಡೋಸ್ ಟೇಲರ್ 15ನೇ ವಯಸ್ಸಿಗೇ ದುಡಿಯಲು ಭಾರತಕ್ಕೆ ಬಂದವರು, ಕಾಲೇಜು ಕಂಡವರಲ್ಲ. ಇದನ್ನು ನಮ್ಮ ಮೇಷ್ಟರು ಹೇಳಿದಾಗ ಹಿಂದಿನ ಬೆಂಚಿನವರಿಗೆ ಬಹಳ ಸಂತೋಷವಾಗಿತ್ತು.

1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮರಿಗೆ ಒಪ್ಪಿಸಿದರು. ಅಲ್ಲಿಂದ ನಮ್ಮ ಕಚೇರಿಯ ಭಾಷೆ, ಸಾಲಿಯ ಭಾಷೆ ಯಾವುದೆಂಬುದು ಹೈದರಾಬಾದಿನಲ್ಲಿ ತೀರ್ಮಾನವಾಗತೊಡಗಿತು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾದಾಗ ಅಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಇಡೀ ದೇಶ ಇಂಗ್ಲಿಷಿನಲ್ಲಿ ಓದುತ್ತಿದ್ದಾಗ ದೇಶೀ ಭಾಷೆಯಲ್ಲಿ ವಿಜ್ಞಾನ ಹೇಳಿಕೊಡುವುದು ದೊಡ್ಡ ಸಾಹಸವೇ, ಅದನ್ನು ಒಪ್ಪಬೇಕು. ಆದರೆ ಆ ದೇಶೀ ಭಾಷೆ ನಮ್ಮದಾಗಿರಲಿಲ್ಲ. ನಮ್ಮ ಕಡೆಯ ಹುಡುಗ ಪದವಿ ಓದಬೇಕೆಂದರೆ ಭೀಮಾ ನದಿ ದಾಟಿ ಯಾದಗಿರಿಗೆ ಹೋಗಿ, ರೈಲು ಹತ್ತಿ, ವಾಡಿಯ ಮೇಲೆ ಹೈದರಾಬಾದು ಸೇರಬೇಕಿತ್ತು. ಮುಂಬಯಿ–ಮದ್ರಾಸು ರೈಲು ಹಳಿ 1871ರಲ್ಲೇ ಕೂಡಿಕೊಂಡಿತ್ತು. ಶಹಾಪುರ, ಸುರಪುರಕ್ಕೆ ಇವತ್ತಿಗೂ ರೈಲಿಲ್ಲ.

ಅಜ್ಜನ ಓದು ಅಷ್ಟು ದೂರ ಹೋಗಲಿಲ್ಲ. 1948ರಲ್ಲಿ ಅವನಿಗೆ 16 ವರ್ಷ. ರಜಾಕಾರರ ಗಲಾಟೆಯಲ್ಲಿ ಮನೆಯವರು ಸಾಲಿ ಬಿಡಿಸಿದರು. ಸೆಪ್ಟೆಂಬರ್ 17ಕ್ಕೆ ಹೈದರಾಬಾದು ಭಾರತಕ್ಕೆ ಸೇರಿತು, ಅಜ್ಜ ತಿರುಗಿ ಸಾಲಿಗೆ ಹೋಗಲಿಲ್ಲ. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದ ಮೇಲೆ ಕಚೇರಿಗೂ ಕನ್ನಡ ಬಂತು, ಅಜ್ಜನ ವಿದ್ಯೆ ಯಾರಿಗೂ ಬೇಡವಾಯಿತು. ಹೊಲದ ಜಗಳ ಬಂದಾಗ ಮಾತ್ರ ಜನ ಹಳೆಯ ಕಾಗದ ಹಿಡಿದು ನಮ್ಮ ಕಟ್ಟೆಗೆ ಬರುತ್ತಿದ್ದರು. ಅಜ್ಜ ಕನ್ನಡಕ ಹಾಕಿಕೊಂಡು ಬಲದಿಂದ ಎಡಕ್ಕೆ ಬೆರಳಾಡಿಸುತ್ತ ಓದಿ, ಕನ್ನಡದಲ್ಲಿ ಹೇಳುತ್ತಿದ್ದ. ನನ್ನ ಪರೀಕ್ಷೆಗೆ ಅವನು ಕೊನೆಯವರೆಗೂ ಇಮ್ತಿಹಾನ್ ಎಂದೇ ಅನ್ನುತ್ತಿದ್ದ.

ಅಪ್ಪ ಈ ನಮ್ಮ ಶಾಲೆಯ ಮೊದಲ ಬ್ಯಾಚಿನವ. ಹತ್ತರವರೆಗೆ ಎಲ್ಲವೂ ಕನ್ನಡ. ಪಿಯುಸಿಗೆ ಗುಲ್ಬರ್ಗಾಕ್ಕೆ ಹೋದ (ಆಗ ಕಲಬುರಗಿ ಎಂಬ ಹೆಸರು ಅಧಿಕೃತವಾಗಿರಲಿಲ್ಲ), ಇಂಗ್ಲಿಷಿನಲ್ಲಿ 2 ಸಲ ನಪಾಸಾಗಿ ಊರಿಗೆ ಬಂದ. ಅವನು ಬಂದ ಕೆಲವು ವರ್ಷಕ್ಕೆ ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹೊಲಕ್ಕೆ ಬಂತು. ಜೋಳ ಬಿತ್ತುತ್ತಿದ್ದ ನೆಲದಲ್ಲಿ ಭತ್ತ ಬೆಳೆದ. ನನ್ನ ಫೀಸು ಕಟ್ಟಿದ್ದು ಆ ನೀರು.

2003ರಲ್ಲಿ ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಶಹಾಪುರದಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರಿದೆ. ನನ್ನ ಜೊತೆ ನಮ್ಮ ಶಾಲೆಯ ಗೆಳೆಯನೊಬ್ಬನಿದ್ದ. ಹೆಸರು ಬರೆಯಬೇಡ ಎಂದಿದ್ದಾನೆ, ಆ ಬ್ಯಾಚಿನವರಿಗೆ ಹೇಳಬೇಕಾಗಿಯೂ ಇಲ್ಲ. ಗಣಿತದಲ್ಲಿ ಅವನ ಮುಂದೆ ನಾವು ಯಾರೂ ನಿಲ್ಲುತ್ತಿರಲಿಲ್ಲ. ಮೊದಲ ವಾರ ಇಬ್ಬರಿಗೂ ಏನೂ ತಿಳಿಯಲಿಲ್ಲ. ಆಮೇಲೆ ಅವನು 200 ಪುಟದ ನೋಟ್‌ಬುಕ್ ತಂದು ನಡುವೆ ಗೆರೆ ಎಳೆದ. ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷು. ಮಾತೃಕೆ – ಮ್ಯಾಟ್ರಿಕ್ಸ್. ಕ್ರಮಯೋಜನೆ – ಪರ್ಮ್ಯುಟೇಶನ್. ಜಡತ್ವ – ಇನರ್ಶಿಯಾ. ವೇಗೋತ್ಕರ್ಷ – ಆಕ್ಸಲರೇಶನ್. ಹೊಸದೇನೂ ಕಲಿಯುತ್ತಿಲ್ಲ, ಗೊತ್ತಿದ್ದದ್ದಕ್ಕೇ ಬೇರೆ ಹೆಸರಿಡುತ್ತಿದ್ದಾರೆ ಎಂದು ಅವನು ನಗುತ್ತಿದ್ದ. ಪಿಯುಸಿ ದಾಟಿದ್ದು ಆ ಪುಸ್ತಕದಿಂದ.

ಸಿಇಟಿ ಕೌನ್ಸೆಲಿಂಗಿಗೆ ಆಗ ಬೆಂಗಳೂರಿಗೇ ಹೋಗಬೇಕಿತ್ತು. ಗ್ರಾಮೀಣ ಮೀಸಲಾತಿಗೆ, ಕನ್ನಡ ಮಾಧ್ಯಮದ ಮೀಸಲಾತಿಗೆ ಹತ್ತು ವರ್ಷದ ವ್ಯಾಸಂಗ ಪ್ರಮಾಣಪತ್ರ ಬೇಕು. ನಮಗೆ ನೆನಪಾದದ್ದು ಭಾನುವಾರ. ಅಂದಿನ ಮುಖ್ಯ ಗುರುಗಳು ಮನೆಯಿಂದ ಬಂದು, ಬೀಗ ತೆಗೆಸಿ, ಹಾಜರಿ ಪುಸ್ತಕ ನೋಡಿ ಇಬ್ಬರಿಗೂ ಬರೆದು ಕೊಟ್ಟರು. ಯಾದಗಿರಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಬಾಗಿಲ ಹತ್ತಿರ ಕೂತು ಹೋದೆವು. ಇಬ್ಬರಿಗೂ ಗುಲ್ಬರ್ಗಾದಲ್ಲೇ ಸೀಟು ಸಿಕ್ಕಿತು.

ಅಲ್ಲಿ 1958ರಿಂದಲೇ ಇಂಜಿನಿಯರಿಂಗ್ ಕಾಲೇಜು ಇದೆ, ಮಹದೇವಪ್ಪ ರಾಂಪುರೆಯವರ ಕಾಲದ್ದು. ನಾವು ಸೇರುವ ಹೊತ್ತಿಗೆ ಬೇರೆ ಕಾಲೇಜುಗಳೂ ಆಗಿದ್ದವು. ಬಾಡಿಗೆ ಖೋಲಿಯಲ್ಲಿ ನಾವು ನಾಲ್ವರು. ಊರಿನಿಂದ ಬುತ್ತಿ ಬರುತ್ತಿತ್ತು. ಮುಂಜಾನೆಯ ಬಸ್ಸಿಗೆ ಅವ್ವ ಡಬ್ಬಿ ಕೊಟ್ಟರೆ ಜೇವರ್ಗಿ, ಕಟ್ಟಿಸಂಗಾವಿ ಸೇತುವೆ ದಾಟಿ ಮಧ್ಯಾಹ್ನಕ್ಕೆ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ನಮ್ಮ ಕೈಗೆ ಕೊಡುತ್ತಿದ್ದ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ. ಖಾಲಿ ಡಬ್ಬಿ ತಿರುಗಿ ಅದೇ ಬಸ್ಸಿಗೆ. ಆ ಕಂಡಕ್ಟರುಗಳು ಒಂದು ರೂಪಾಯಿ ಕೇಳಲಿಲ್ಲ.

ಇನ್ನು ಬರೆಯಲು ಮನಸ್ಸಿಲ್ಲದ ಭಾಗ. ಎರಡನೆಯ ಸೆಮಿಸ್ಟರಿಗೆ ನಾನು ಇಂಗ್ಲಿಷ್ ಮಾತಾಡುವ ಹುಡುಗರ ಜೊತೆ ಕೂಡತೊಡಗಿದೆ. ತಪ್ಪು ಮಾತಾಡುತ್ತಿದ್ದೆ, ಆದರೂ ಮಾತಾಡುತ್ತಿದ್ದೆ. ಗೆಳೆಯ ಹಾಗೆ ಮಾಡಲಿಲ್ಲ. ತಿಳಿಯದೆ ಮಾತಾಡುವುದು ಅವನಿಗೆ ಸುಳ್ಳು ಹೇಳಿದಂತೆ. ಕ್ಲಾಸಿನಲ್ಲಿ ನಾನು ಅವನ ಪಕ್ಕ ಕೂಡುವುದು ಬಿಟ್ಟೆ, ಅವನ ನೋಟ್‌ಬುಕ್ಕಿಗೆ ಹೊಸ ಶಬ್ದ ಹುಡುಕಿಕೊಡುವುದನ್ನೂ ಬಿಟ್ಟೆ. ಫಲಿತಾಂಶದ ರಾತ್ರಿ ಸೈಬರ್ ಕೆಫೆಯಲ್ಲಿ ಅವನ ನಂಬರು ಹಾಕಿದವನು ನಾನೇ. ಗಣಿತದಲ್ಲಿ ಕಾಲೇಜಿಗೇ ಮುಂದಿದ್ದ. ಪುಟಗಟ್ಟಲೆ ಬರೆಯಬೇಕಾದ ವಿಷಯಗಳೆಲ್ಲ ಹೋಗಿದ್ದವು. ನಾಲ್ಕಕ್ಕಿಂತ ಹೆಚ್ಚು ಬಾಕಿ ಉಳಿದರೆ ಮುಂದಿನ ವರ್ಷಕ್ಕೆ ಬಿಡುತ್ತಿರಲಿಲ್ಲ. ಒಂದು ವರ್ಷ ಕಾದ, ಆಮೇಲೆ ಊರಿಗೆ ಹೋದ. ಹೋಗುವಾಗ ಪುಸ್ತಕ ನನ್ನ ಟ್ರಂಕಿನ ಮೇಲೆ ಇಟ್ಟಿದ್ದ.

ನಾನು 2009ರಲ್ಲಿ ಬಿ.ಇ. ಮುಗಿಸಿದೆ. ಅದೇ ಡಿಸೆಂಬರಿನಲ್ಲಿ ಯಾದಗಿರಿ ಜಿಲ್ಲೆಯಾಯಿತು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ 51.83, ರಾಜ್ಯಕ್ಕೇ ಕೊನೆ. 371(ಜೆ) ಬಂದು ನಮ್ಮ ಭಾಗದ ಕಾಲೇಜುಗಳಲ್ಲಿ ನಮ್ಮವರಿಗೆ ನೂರಕ್ಕೆ 70 ಸೀಟು ಸಿಗತೊಡಗಿದ್ದು 2013ರ ನಂತರ. ನನ್ನ ತಮ್ಮಂದಿರ ವಯಸ್ಸಿನವರಿಗೆ ಅದರಿಂದ ನಿಜವಾಗಿ ಉಪಯೋಗವಾಗಿದೆ. ಆದರೆ ನಮ್ಮಿಬ್ಬರಿಗೂ ಸೀಟು ಸಿಕ್ಕಿತ್ತು ಎಂಬುದನ್ನೂ ಇಲ್ಲಿ ಬರೆಯಬೇಕು.

ಗೆಳೆಯ ಈಗ ಭತ್ತ ಬೆಳೆಯುತ್ತಾನೆ. ಸಂಜೆ ಅವನ ಕಟ್ಟೆಯ ಮೇಲೆ ಹತ್ತನೆಯ ತರಗತಿಯ ಹುಡುಗರು ಲೆಕ್ಕ ಹೇಳಿಸಿಕೊಳ್ಳಲು ಬರುತ್ತಾರೆ. ಹೋದ ದೀಪಾವಳಿಗೆ ಊರಿಗೆ ಹೋದಾಗ ಪುಸ್ತಕ ವಾಪಸು ಕೊಟ್ಟೆ, ಹದಿನೇಳು ವರ್ಷ ತಡವಾಗಿ. ಅವನು ಹಾಳೆ ತಿರುವಿ, ಬಲಗಡೆ ಖಾಲಿ ಬಿಟ್ಟ ಸಾಲುಗಳನ್ನು ಎಣಿಸಿದ. ಅವನ ಮಗಳು ನಮ್ಮ ಶಾಲೆಯಲ್ಲೇ ಒಂಬತ್ತನೆಯ ತರಗತಿ. ಪೆನ್ನು ತಂದು ನನ್ನ ಮುಂದೆ ಕೂತಳು. ಅಂದು ರಾತ್ರಿ ಊಟಕ್ಕೆ ಏಳುವಷ್ಟರಲ್ಲಿ 31 ಸಾಲು ತುಂಬಿದೆವು.