ಗಾಗಲ್ಸ್ ತುಳಿದ ಕತೆಯ ಆಚೆಗೆ: ಈಜು ತರಬೇತಿಯ ಒಂದು ನೂರು ವರ್ಷ

ಮಕ್ಕಳನ್ನು ಕರೆದುಕೊಂಡು ಕೊಳಕ್ಕೆ ಬರುವ ತಂದೆತಾಯಂದಿರು ಈಚೆಗೆ ನನಗೊಂದು ಕತೆ ಹೇಳುತ್ತಾರೆ. ಮೈಕೆಲ್ ಫೆಲ್ಪ್ಸ್‌ನ ಕೋಚ್ ಬಾಬ್ ಬೌಮನ್ ಸ್ಪರ್ಧೆಗೆ ಮುಂಚೆ ಹುಡುಗನ ಗಾಗಲ್ಸನ್ನು ಬೇಕೆಂದೇ ತುಳಿದರಂತೆ. ಮುಂದೆ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ, 200 ಮೀಟರ್ ಬಟರ್‌ಫ್ಲೈ ಫೈನಲ್ ನಡೆದಿರುವಾಗಲೇ ಗಾಗಲ್ಸಿನೊಳಗೆ ನೀರು ತುಂಬಿತಂತೆ. ಆತ ಕುರುಡನಂತೆ ಸ್ಟ್ರೋಕ್ ಎಣಿಸುತ್ತಲೇ ವಿಶ್ವದಾಖಲೆ ಮಾಡಿದನಂತೆ. ಕತೆ ಸುಳ್ಳಲ್ಲ. ಆದರೆ ಕೇಳಿದವರು ಹಿಡಿದುಕೊಳ್ಳುವುದು ತುಳಿತವನ್ನು, ಎಣಿಕೆಯನ್ನಲ್ಲ. ‘ಇವನನ್ನೂ ಸ್ವಲ್ಪ ಗದರಿಸಿ ಸಾರ್’ ಎಂದು ಒಂಬತ್ತು ವರ್ಷದ ಮಗುವನ್ನು ಮುಂದೆ ತಳ್ಳುತ್ತಾರೆ. ಆ ಎಣಿಕೆ ಎಲ್ಲಿಂದ ಬಂತೆಂದು ಹೇಳಲು ಈ ಬರಹ.

ಈಜು ತರಬೇತಿಯ ಮೊದಲ ಘಟ್ಟವನ್ನು ಬೇಗ ದಾಟಬಹುದು. ಯೇಲ್ ವಿಶ್ವವಿದ್ಯಾಲಯದ ಬಾಬ್ ಕಿಫುತ್ ಮೂಲತಃ ಅಂಗಸಾಧನೆಯ ಮೇಷ್ಟ್ರು. ಈಜುಗಾರರಿಗೆ ನೀರಿನ ಹೊರಗೂ ಕಸರತ್ತು ಬೇಕೆಂದು ಸಾಧಿಸಿದರು. ಹವಾಯಿಯ ಮಾವಿ ದ್ವೀಪದ ಶಾಲಾಶಿಕ್ಷಕ ಸೊಯಿಚಿ ಸಾಕಾಮೊಟೊ ಅವರದು ಇನ್ನೂ ಸೊಗಸಾದ ಪ್ರಸಂಗ. ಸ್ವತಃ ದೊಡ್ಡ ಈಜುಗಾರನೇನಲ್ಲದ ಅವರು ಕಬ್ಬಿನ ತೋಟದ ಕೂಲಿಗಳ ಮಕ್ಕಳನ್ನು ನೀರಾವರಿ ಕಾಲುವೆಗೆ ಇಳಿಸಿ, ಹರಿವಿಗೆ ಎದುರಾಗಿ ಈಜಿಸಿದರು. 1937ರಲ್ಲಿ ‘ಮೂರು ವರ್ಷದ ಈಜು ಕ್ಲಬ್’ ಕಟ್ಟಿ 1940ರ ಒಲಿಂಪಿಕ್ಸ್‌ಗೆ ಗುರಿಯಿಟ್ಟರು. ಯುದ್ಧ ಆ ಕೂಟವನ್ನೇ ನುಂಗಿತು. 1948ರ ಲಂಡನ್‌ನಲ್ಲಿ ಅವರ ಶಿಷ್ಯ ಬಿಲ್ ಸ್ಮಿತ್ ಎರಡು ಚಿನ್ನ ಗೆದ್ದ. ಕೊಳವಿಲ್ಲ ಎಂದು ನಾವು ಕೊಡುವ ಸಬೂಬಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಯುದ್ಧದ ನಂತರ ಸಿಡ್ನಿಯಲ್ಲಿ ಶರೀರಶಾಸ್ತ್ರ ಕೊಳದ ಮೆಟ್ಟಿಲಿಳಿಯಿತು. ಫ್ರಾಂಕ್ ಕಾಟನ್ ಮತ್ತು ಫೋರ್ಬ್ಸ್ ಕಾರ್ಲೈಲ್ ನಾಡಿ ಅಳೆದರು, ದಣಿವು ಅಳೆದರು, ಸ್ಪರ್ಧೆ ಹತ್ತಿರವಾದಂತೆ ಶ್ರಮ ಇಳಿಸುವ ‘ಟೇಪರ್’ ಪದ್ಧತಿಗೆ ರೂಪ ಕೊಟ್ಟರು. 1956ರ ಮೆಲ್ಬರ್ನ್‌ನಲ್ಲಿ 13 ಈಜು ಚಿನ್ನಗಳಲ್ಲಿ ಎಂಟು ಆಸ್ಟ್ರೇಲಿಯದ ಪಾಲಾದವು. 1972ರ ಹೊತ್ತಿಗೆ ಕಾರ್ಲೈಲ್ ಗರಡಿಯ ಶೇನ್ ಗೌಲ್ಡ್ ಮ್ಯೂನಿಕ್‌ನಲ್ಲಿ ಐದು ವೈಯಕ್ತಿಕ ಪದಕ ಗೆದ್ದಳು. ಅದೇ ಗರಡಿಯಲ್ಲಿ ಗಂಡನ ಜೊತೆ ದುಡಿದ ಉರ್ಸುಲಾ ಕಾರ್ಲೈಲ್ ಕೂಡ ಕೋಚ್. ಚರಿತ್ರೆಗಳಲ್ಲಿ ಅವರಿಗೆ ಸಿಗುವುದು ಹೆಚ್ಚೆಂದರೆ ಒಂದು ಸಾಲು.

ಇನ್ನು ನಮ್ಮ ತಲೆಮಾರಿನ ಗುರು. ಇಂಡಿಯಾನಾ ವಿಶ್ವವಿದ್ಯಾಲಯದ ಜೇಮ್ಸ್ ಕೌನ್ಸಿಲ್‌ಮನ್, ಎಲ್ಲರ ಬಾಯಲ್ಲಿ ‘ಡಾಕ್’. ಯುದ್ಧದಲ್ಲಿ ಬಾಂಬರ್ ವಿಮಾನ ಹಾರಿಸಿದವರು. 1968ರಲ್ಲಿ ಬಂದ ಅವರ ‘ದಿ ಸೈನ್ಸ್ ಆಫ್ ಸ್ವಿಮಿಂಗ್’ ನನ್ನ ಕೈಗೆ ಸಿಕ್ಕಿದ್ದು ಎಂಬತ್ತರ ದಶಕದಲ್ಲಿ, ಅಂಚು ಮಾಸಿದ ಜೆರಾಕ್ಸ್ ಕಟ್ಟಾಗಿ. ಅಲ್ಲಿಯವರೆಗೆ ನಮಗೆ ಕೋಚಿಂಗ್ ಎಂದರೆ ಸೀಟಿ ಮತ್ತು ಗಂಟಲು. ಡಾಕ್ ನೀರಿನೊಳಗೆ ಕ್ಯಾಮೆರಾ ಇಳಿಸಿದರು, ಈಜುಗಾರರ ಕೈಗೆ ದೀಪ ಕಟ್ಟಿ ಕತ್ತಲಲ್ಲಿ ಚಿತ್ರೀಕರಿಸಿದರು. ಎಲ್ಲರೂ ನಂಬಿದ್ದಂತೆ ಕೈ ದೋಣಿಯ ಹುಟ್ಟಿನ ಹಾಗೆ ನೇರ ಹಿಂದಕ್ಕೆ ಹೋಗುತ್ತಿರಲಿಲ್ಲ, ಬಾಗಿ ಬಳುಕಿ ಸಾಗುತ್ತಿತ್ತು. ವಿಮಾನದ ರೆಕ್ಕೆಯನ್ನು ಎತ್ತುವ ಬಲವೇ ಇಲ್ಲೂ ಕೆಲಸ ಮಾಡುತ್ತದೆಂದು 1971ರಲ್ಲಿ ವಾದಿಸಿದರು. ಲೋಕದ ಕೋಚ್‌ಗಳೆಲ್ಲ ಮಕ್ಕಳ ಕೈಯಲ್ಲಿ ನೀರೊಳಗೆ ‘ಎಸ್’ ಅಕ್ಷರ ತಿದ್ದಿಸಿದರು. ತಿದ್ದಿಸಿದವರಲ್ಲಿ ನಾನೂ ಒಬ್ಬ.

ಆ ವಾದ ಪೂರ್ತಿ ನಿಲ್ಲಲಿಲ್ಲ. ನೀರನ್ನು ಹಿಂದಕ್ಕೆ ನೂಕುವುದೇ ಮುಖ್ಯ ಎಂಬ ಕಡೆಗೆ ವಿಜ್ಞಾನ ಮರಳಿತು. ಡಾಕ್ ಅವರ ಸಿದ್ಧಾಂತವನ್ನು ಪುಸ್ತಕದಲ್ಲಿ ಹರಡಿದ್ದ ಅರ್ನೆಸ್ಟ್ ಮ್ಯಾಗ್ಲಿಶೊ 2003ರ ಪುಸ್ತಕದಲ್ಲಿ ತಮ್ಮ ಮಾತನ್ನು ತಾವೇ ತಿದ್ದಿಕೊಂಡರು. ನನ್ನ ಮಟ್ಟಿಗೆ ಡಾಕ್ ಸೋತಿಲ್ಲ. ವಿವರಣೆ ತಪ್ಪಿರಬಹುದು, ಕಣ್ಣು ತಪ್ಪಿರಲಿಲ್ಲ. ಅವರ ಶಿಷ್ಯ ಮಾರ್ಕ್ ಸ್ಪಿಟ್ಜ್ ಮ್ಯೂನಿಕ್‌ನಲ್ಲಿ ಏಳು ಚಿನ್ನ ಗೆದ್ದ. ಡಾಕ್ ಮಾತ್ರ 1979ರಲ್ಲಿ, 58ರ ವಯಸ್ಸಿನಲ್ಲಿ, ತಾವೇ ಇಂಗ್ಲಿಷ್ ಕಾಲುವೆ ಈಜಿದರು. ದಡದಲ್ಲಿ ನಿಂತೇ ಈಜು ಹೇಳುವವರು ಇದನ್ನು ನೆನೆಯುವುದು ಒಳ್ಳೆಯದು.

ಇದೇ ಕಾಲದ ಪೂರ್ವ ಜರ್ಮನಿಯ ಮಹಿಳೆಯರು 1976ರ ಒಲಿಂಪಿಕ್ಸ್‌ನಲ್ಲಿ 13 ಈಜು ಚಿನ್ನಗಳಲ್ಲಿ 11 ಗೆದ್ದರು. ಬಾಲೆಯರಿಗೆ ಹೇಳದೆ ಕೊಟ್ಟ ಹಾರ್ಮೋನು ಮಾತ್ರೆಗಳ ಲೆಕ್ಕ ಆಮೇಲೆ ಕೋರ್ಟಿನಲ್ಲಿ ಹೊರಬಿತ್ತು. ಅದನ್ನು ಪದ್ಧತಿ ಎಂದು ಕರೆಯಲು ನನಗೆ ಮನಸ್ಸಿಲ್ಲ. ಅದರಾಚೆಗೆ ನೆನೆಯಬೇಕಾದವರು ಕೋಚ್ ಗೆನ್ನಾಡಿ ತುರೆತ್ಸ್ಕಿ. ಸ್ಟ್ರೋಕಿನ ಆಕಾರ ಕೆಡದಂತೆ ನಿಧಾನವಾಗಿ ಈಜಿಸಿಯೇ ಅಲೆಕ್ಸಾಂಡರ್ ಪೊಪೊವ್‌ನನ್ನು 1992 ಮತ್ತು 1996ರ ಒಲಿಂಪಿಕ್ಸ್‌ಗಳಲ್ಲಿ 50 ಹಾಗೂ 100 ಮೀಟರ್‌ಗಳ ದೊರೆಯಾಗಿಸಿದವರು. ಬೌಮನ್ ಬಂದದ್ದು ಇವರೆಲ್ಲ ಹಾಸಿದ ದಾರಿಯಲ್ಲಿ. ಸಂಗೀತವನ್ನೂ ಕಲಿತ ಅವರು ಹನ್ನೊಂದರ ವಯಸ್ಸಿನಲ್ಲಿ ಕೈಗೆ ಸಿಕ್ಕ ಫೆಲ್ಪ್ಸ್‌ನಿಂದ ಲಯ ಲೆಕ್ಕ ಹಾಕಿಸಿದ್ದರು. ಬೀಜಿಂಗ್‌ನ ಕುರುಡು ನೀರಿನಲ್ಲಿ ಕೈಹಿಡಿದದ್ದು ಆ ಲೆಕ್ಕ. 2023ರಲ್ಲಿ ಫೆಲ್ಪ್ಸ್‌ನ ಕೊನೆಯ ವೈಯಕ್ತಿಕ ವಿಶ್ವದಾಖಲೆಯನ್ನು 4:02.50ರಲ್ಲಿ ಮುರಿದ ಲಿಯೋನ್ ಮಾರ್ಶಾಂಗೂ ಕೋಚ್ ಅವರೇ.

ನಮ್ಮಲ್ಲಿ? ಬೆಂಗಳೂರಿನ ನಿಹಾರ್ ಅಮೀನ್, ಪ್ರದೀಪ್ ಕುಮಾರ್ ಇಬ್ಬರಿಗೂ ದ್ರೋಣಾಚಾರ್ಯ ಪ್ರಶಸ್ತಿ ಬಂದಿದೆ. ನಿಹಾರ್ ಬಳಿ ಪಳಗಿದ ವೀರಧವಳ್ ಖಾಡೆ 2010ರ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ತಂದಾಗ ಭಾರತದ ಈಜಿಗೆ 24 ವರ್ಷಗಳ ಬರ ನೀಗಿತು. ಪ್ರದೀಪ್ ಶಿಷ್ಯ ಸಾಜನ್ ಪ್ರಕಾಶ್ 2021ರಲ್ಲಿ ರೋಮ್‌ನಲ್ಲಿ 1:56.38ಕ್ಕೆ ಗೋಡೆ ಮುಟ್ಟಿ, ಒಲಿಂಪಿಕ್ಸ್‌ನ ‘ಎ’ ಅರ್ಹತೆ ಪಡೆದ ಮೊದಲ ಭಾರತೀಯನಾದ. ಈ ಸಮಯಗಳು ದಾಖಲೆಯಲ್ಲಿವೆ. ಅವುಗಳ ಹಿಂದಿನ ಬೆಳಗಿನ ಐದು ಗಂಟೆಗಳು, ಯಾವ ಸೆಟ್ ಯಾಕೆ ಕೊಟ್ಟರು, ಯಾವುದು ಕೆಟ್ಟಿತು ಎಂಬುದನ್ನು ಹೇಳುವ ಪುಸ್ತಕ ನಮ್ಮ ಕೊಳಗಳ ಕಪಾಟಿನಲ್ಲಿ ನಾನು ಕಂಡಿಲ್ಲ.

ಅದಕ್ಕೂ ಹಿಂದೆ, ಹಳ್ಳಿಯ ಬಾವಿಯಲ್ಲಿ ಮಗುವಿನ ಬೆನ್ನಿಗೆ ಬೆಂಡು ಕಟ್ಟಿ, ಕೈ ಯಾವಾಗ ಬಿಡಬೇಕೆಂದು ನೋಡುತ್ತ ನಿಂತ ಮಾವನೂ ಕೋಚೇ. ಬೆಂಡಿನ ಹಗ್ಗ ಎಷ್ಟು ಸಡಿಲಿಸಬೇಕೆಂದು ಅವನು ಮಗುವಿನ ಉಸಿರು ನೋಡಿ ನಿರ್ಧರಿಸುತ್ತಿದ್ದ.

ನನ್ನ ಬಳಿ ಹತ್ತಾರು ನೋಟ್‌ಬುಕ್‌ಗಳಿವೆ. ಕೊಳದ ಹನಿ ಬಿದ್ದು ಕೆಲವು ಪುಟಗಳ ಶಾಯಿ ಹರಡಿದೆ, ಅಂಕಿಗಳು ಮಾತ್ರ ಇನ್ನೂ ಓದಲು ಬರುತ್ತವೆ. ಮುಂದಿನ ಸಲ ಗಾಗಲ್ಸ್ ಕತೆ ಹೇಳಲು ಬಂದವರಿಗೆ ಅವುಗಳಲ್ಲೊಂದನ್ನು ಕೊಟ್ಟು, ಮಗು ಒಂದು ಲ್ಯಾಪಿಗೆ ಎಷ್ಟು ಸ್ಟ್ರೋಕ್ ಹಾಕುತ್ತದೆಂದು ಬರೆದಿಡಲು ಹೇಳಬೇಕೆಂದಿದ್ದೇನೆ.