ಅಜ್ಜಿಮನೆಯ ಆಸರೆ: ಅಗಲಿದ ದಂಪತಿಗಳ ಮಕ್ಕಳ ಒತ್ತಡ ಕುರಿತು ರಟ್ಟೀಹಳ್ಳಿ ಸೀಮೆಯಿಂದ ಒಂದು ಮರುಪರಿಶೀಲನೆ

ಕರ್ನಾಟಕದ ರಟ್ಟೀಹಳ್ಳಿ, ಹಿರೇಕೆರೂರು, ಹಾನಗಲ್ಲ ಸೀಮೆಯಲ್ಲಿ ದಾಂಪತ್ಯ ಮುರಿದಾಗ ಹೆಂಡತಿ ಮೊದಲು ತಲುಪುವುದು ತವರುಮನೆಯನ್ನು. ನ್ಯಾಯಾಲಯದ ಮಾತು ಬಂದರೆ ಅದು ಆಮೇಲೆ. ಎರಡೂ ಕಡೆಯ ಹಿರಿಯರು ಕೂತು ಮಾತಾಡುತ್ತಾರೆ. ರಾಜಿಯಾಗದಿದ್ದರೆ ಕೆಲವು ಸಮುದಾಯಗಳಲ್ಲಿ ಸೋಡಚೀಟಿ (ಬಿಡುಗಡೆ ಪತ್ರ) ಬರೆಯುವ, ಅನಂತರ ಹೆಣ್ಣಿಗೆ ಉಡಿಕೆ (ಮರುಮದುವೆ) ಮಾಡಿಕೊಡುವ ರೂಢಿಯಿದೆ. ರೂಢಿಯ ಬಿಡುಗಡೆಗೆ 1955ರ ಹಿಂದೂ ವಿವಾಹ ಕಾಯ್ದೆಯ 29ನೆಯ ಕಲಮು ಮಾನ್ಯತೆ ಉಳಿಸಿದೆ. ಇದಾವುದೂ ಇಲ್ಲದೆ ಬರಿದೇ ಬೇರೆಯಾಗಿ ಬಾಳುವವರೂ ಇದ್ದಾರೆ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ವಿಚ್ಛೇದಿತರು ಸುಮಾರು 13.6 ಲಕ್ಷ; ವಿಚ್ಛೇದನ ಪಡೆಯದೆ ಬೇರ್ಪಟ್ಟವರು ಅದರ ಸುಮಾರು ಮೂರು ಪಟ್ಟು. ಈ ಅಂಕಿಗಳನ್ನು ಸಂಶೋಧಕರಾದ ಸೂರಜ್ ಜೇಕಬ್ ಮತ್ತು ಶ್ರೀಪರ್ಣಾ ಚಟ್ಟೋಪಾಧ್ಯಾಯ 2016ರಲ್ಲಿ ವಿಶ್ಲೇಷಿಸಿದರು. ತೀರ್ಪುಗಳನ್ನಷ್ಟೇ ಎಣಿಸುವ ಅಧ್ಯಯನಕ್ಕೆ ಈ ದೊಡ್ಡ ಗುಂಪಿನ ಮಕ್ಕಳು ಕಾಣುವುದೇ ಇಲ್ಲ.

ಅಗಲಿಕೆ ಮಕ್ಕಳನ್ನು ನೋಯಿಸುತ್ತದೆ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿದೆ. ನಿದ್ದೆಗೇಡು, ಹೊಟ್ಟೆನೋವು, ಓದಿನಲ್ಲಿ ಹಿನ್ನಡೆ, ತನ್ನಿಂದಲೇ ಹೀಗಾಯಿತೆಂಬ ಅಳುಕು ಪರಿಚಿತ ಲಕ್ಷಣಗಳು. ಪಾಲ್ ಅಮಾಟೊ ಮತ್ತು ಬ್ರೂಸ್ ಕೀತ್ 1991ರಲ್ಲಿ 92 ಅಧ್ಯಯನಗಳನ್ನು ಒಟ್ಟುಗೂಡಿಸಿ, ಇಂಥ ಮಕ್ಕಳ ಕ್ಷೇಮ ಸರಾಸರಿಯಲ್ಲಿ ಕಡಿಮೆಯಾದರೂ ಅಂತರ ಸಣ್ಣದೆಂದು ಕಂಡುಕೊಂಡರು.

ವಿವಾದವಿರುವುದು ನೋವಿನ ಮೂಲದ ಬಗ್ಗೆ. ಜುಡಿತ್ ವಾಲರ್‌ಸ್ಟೀನ್ 1971ರಿಂದ ಕ್ಯಾಲಿಫೋರ್ನಿಯಾದ 60 ಕುಟುಂಬಗಳ 131 ಮಕ್ಕಳನ್ನು 25 ವರ್ಷ ಗಮನಿಸಿ, ಅಗಲಿಕೆಯ ಪೆಟ್ಟು ಪ್ರಾಯದಲ್ಲೂ ಮರುಕಳಿಸುತ್ತದೆ ಎಂದು ವಾದಿಸಿದರು. ಆಂಡ್ರ್ಯೂ ಚೆರ್ಲಿನ್ ಮತ್ತು ಸಂಗಡಿಗರು 1991ರಲ್ಲಿ ಬ್ರಿಟನ್, ಅಮೆರಿಕಗಳ ಮಾಹಿತಿಯಿಂದ ತೋರಿಸಿದ್ದೇ ಬೇರೆ: ಅಗಲಿಕೆಯ ಫಲವೆನ್ನುವ ತೊಂದರೆಗಳಲ್ಲಿ ಗಣನೀಯ ಪಾಲು, ವಿಶೇಷವಾಗಿ ಗಂಡುಮಕ್ಕಳಲ್ಲಿ, ತಂದೆತಾಯಿ ಒಂದೇ ಮನೆಯಲ್ಲಿದ್ದಾಗಲೇ ಕಾಣಿಸಿಕೊಂಡಿತ್ತು. ಜಗಳ ತೀವ್ರವಾಗಿದ್ದ ಮನೆಗಳಲ್ಲಿ, ಅಗಲಿದವರ ಮಕ್ಕಳು ಅಗಲದೆ ಉಳಿದವರ ಮಕ್ಕಳಿಗಿಂತ ಪ್ರಾಯದಲ್ಲಿ ಕ್ಷೇಮವಾಗಿದ್ದರೆಂದು ಅಮಾಟೊ ಮತ್ತು ಸಂಗಡಿಗರು 1995ರಲ್ಲಿ ಸೇರಿಸಿದರು.

ರಟ್ಟೀಹಳ್ಳಿ ಸೀಮೆಗೆ ಇವೆಲ್ಲಕ್ಕಿಂತ ಹತ್ತಿರದ ಸಾಕ್ಷ್ಯ ಕೆರಿಬಿಯನ್ ದ್ವೀಪ ಡೊಮಿನಿಕಾದ ಒಂದು ಹಳ್ಳಿಯದು. ಬ್ವಾ ಮಾವೆಗೊ ಎಂಬಲ್ಲಿ ಮಾನವಶಾಸ್ತ್ರಜ್ಞ ಮಾರ್ಕ್ ಫ್ಲಿನ್ ಮಕ್ಕಳ ಜೊಲ್ಲನ್ನು ವರ್ಷಗಟ್ಟಲೆ ಸಂಗ್ರಹಿಸಿ, ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಅಳೆದರು. ಮನೆಯಲ್ಲಿ ಜಗಳವಾದ ದಿನ ಅದು ಏರುತ್ತಿತ್ತು. ಬಂಧುಗಳ ಆಸರೆಯಿಲ್ಲದ ಒಂಟಿ ತಾಯಂದಿರ ಮಕ್ಕಳಲ್ಲಿ, ದೂರದ ನೆಂಟರ ಮನೆಯಲ್ಲಿದ್ದವರಲ್ಲಿ ಸರಾಸರಿ ಹೆಚ್ಚಿತ್ತು. ಬಂಧುಗಳ ಆಸರೆಯಿದ್ದ ಒಂಟಿ ತಾಯಂದಿರ ಹಾಗೂ ಅಜ್ಜ-ಅಜ್ಜಿಯರ ಮನೆಯ ಮಕ್ಕಳಲ್ಲಿ ಹಾಗಿರಲಿಲ್ಲ.

ಇದರಿಂದ ಒಂದು ಪ್ರಮೇಯ ಮುಂದಿಡಬಹುದು: ತವರಿಗೆ ಮರಳುವ ರೂಢಿಯಿರುವ ಸೀಮೆಯಲ್ಲಿ ಮಗುವಿನ ಒತ್ತಡವನ್ನು ಅಗಲಿಕೆಗಿಂತ ಹೆಚ್ಚಾಗಿ ನಿರ್ಧರಿಸುವುದು, ಜಗಳ ನಿಂತಿತೇ, ಅಜ್ಜಿಮನೆ ಗಟ್ಟಿಯಾಗಿ ನಿಂತಿತೇ ಎಂಬ ಎರಡು ಸಂಗತಿಗಳು. ಇದನ್ನು ಎಚ್ಚರದಿಂದಲೇ ಹೇಳಬೇಕು. ಡೊಮಿನಿಕಾ ಕರ್ನಾಟಕವಲ್ಲ, ಕಾರ್ಟಿಸಾಲ್ ನೆಮ್ಮದಿಯ ಪೂರ್ಣ ಅಳತೆಯೂ ಅಲ್ಲ. ಎಲ್ಲ ತವರೂ ಆಸರೆಯಲ್ಲ: ತಾಯಿ ಕೂಲಿಗೆ ಹೋಗಬೇಕಾದಲ್ಲಿ, ಸೋದರಮಾವನ ಸಂಸಾರಕ್ಕೆ ಅಕ್ಕನ ಮಕ್ಕಳು ಭಾರವೆನಿಸಿದಲ್ಲಿ, ಓಣಿಯವರು ‘ಗಂಡ ಬಿಟ್ಟಾಕಿ’ ಎಂದು ಆಡಿಕೊಂಡಲ್ಲಿ ಮಗು ಒಂದು ಮನೆಯ ಜಗಳದಿಂದ ಇನ್ನೊಂದು ಮನೆಯ ಹಂಗಿಗೆ ಬೀಳುತ್ತದೆ. ಉಡಿಕೆಯ ನಂತರ ತಾಯಿ ಹೋಗಿ ಮಗು ಅಜ್ಜಿಯಲ್ಲೇ ಉಳಿದರೆ ಅದಕ್ಕದು ಎರಡನೆಯ ಅಗಲಿಕೆ.

ರಾಜಿ ಪಂಚಾಯ್ತಿ ತಿಂಗಳುಗಟ್ಟಲೆ ಎಳೆದಾಗ ಮಗುವಿನ ಶಾಲೆ ಯಾವ ಊರಿನದೆಂಬುದೂ ಇತ್ಯರ್ಥವಾಗದೆ ಉಳಿಯುತ್ತದೆ. ಪಾಟೀಚೀಲ ತವರಿಗೆ ಬಂದಿರುತ್ತದೆ, ಹಾಜರಿಯ ಹೆಸರು ಅಪ್ಪನ ಊರಲ್ಲೇ ಇರುತ್ತದೆ. ಈ ಅತಂತ್ರದ ಅವಧಿ ಅಗಲಿಕೆಗಿಂತ ಹೆಚ್ಚು ಹಾನಿಕರವೇ ಎಂಬ ಪ್ರಶ್ನೆ ತೆರೆದೇ ಇದೆ. ಅದಕ್ಕೆ ಉತ್ತರ ಬೇಕಾದರೆ ಮಕ್ಕಳನ್ನು ಮನೆ ಮುರಿಯುವ ಮೊದಲಿನಿಂದಲೇ ಗಮನಿಸುವ ಅಧ್ಯಯನ ಬೇಕು. ಅಲ್ಲಿಯವರೆಗೆ ಕಾಯಬೇಕಿಲ್ಲದ ಕೆಲಸವೊಂದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೆಯ ಕಲಮಿನಂತೆ ವರ್ಗಾವಣೆ ಪತ್ರ ತಡವಾಯಿತೆಂದು ಮಗುವಿನ ದಾಖಲಾತಿಯನ್ನು ತಡಮಾಡುವಂತಿಲ್ಲ, ನಿರಾಕರಿಸುವಂತೆಯೂ ಇಲ್ಲ. ಪಂಚಾಯ್ತಿಗೆ ಕೂರುವ ಹಿರಿಯರು ಮಗುವಿನ ಶಾಲೆಯ ಮಾತನ್ನು ಮೊದಲ ದಿನವೇ ಎತ್ತಬೇಕು.