ಕಿರ್ಲೋಸ್ಕರ ನಾಟಕ ಮಂಡಳಿ: ಎರಡು ನಾಡುಗಳ ಋಣಾನುಬಂಧ

ಮರಾಠೀ ಸಂಗೀತ ರಂಗಭೂಮಿಯ ಉದಯವನ್ನು ೧೮೮೦ನೆಯ ಇಸವಿ ಅಕ್ಟೋಬರ ೩೧ರಿಂದ ಎಣಿಸುವುದು ರೂಢಿಯಾಗಿದೆ. ಅಂದು ಪುಣೆಯ ಆನಂದೋದ್ಭವ ನಾಟಕಗೃಹದಲ್ಲಿ ಬಳವಂತ ಪಾಂಡುರಂಗ ಕಿರ್ಲೋಸ್ಕರರ ‘ಶಾಕುಂತಲ’ದ ಮೊದಲಿನ ನಾಲ್ಕು ಅಂಕಗಳು ರಂಗವನ್ನೇರಿದವು. ಅಣ್ಣಾಸಾಹೇಬರೆಂದು ಪ್ರಸಿದ್ಧರಾದ ಈ ನಾಟಕಕಾರರು ೧೮೪೩ರಲ್ಲಿ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ೧೮೮೫ರಲ್ಲಿ ಕಣ್ಣು ಮುಚ್ಚಿದ್ದೂ ಅಲ್ಲಿಯೇ. ಇಷ್ಟರಿಂದಲೇ ಅವರನ್ನು ಕನ್ನಡದ ನಾಟಕಕಾರರೆಂದು ಸಾಧಿಸ ಹೊರಡುವುದು ಉಚಿತವಲ್ಲ. ಅವರ ಮನೆತನದ ನುಡಿ ಮರಾಠಿ, ಬರೆದುದೆಲ್ಲವೂ ಮರಾಠಿಯಲ್ಲಿ. ಆದರೆ ಅವರು ಕಟ್ಟಿದ ಮಂಡಳಿಯ ಚರಿತ್ರೆಯನ್ನು ಕರ್ನಾಟಕವನ್ನು ಬಿಟ್ಟು ಬರೆದರೆ ಅದು ಅಪೂರ್ಣವಾಗುವುದೆಂಬುದು ಅಷ್ಟೇ ನಿಜ.

ಈ ಸಂಬಂಧದ ಬೇರು ಕಿರ್ಲೋಸ್ಕರರಿಗಿಂತಲೂ ಹಿಂದಿನದು. ಹೊನ್ನಾವರದ ಬಳಿಯ ಕರ್ಕಿಯ ಯಕ್ಷಗಾನ ಮೇಳವು ೧೮೪೨ರ ಸುಮಾರಿಗೆ ಸಾಂಗಲಿಗೆ ಹೋಗಿ ಆಟಗಳನ್ನಾಡಿತು. ಅದನ್ನು ಕಂಡು ಮೆಚ್ಚಿದ ಅಲ್ಲಿಯ ಸಂಸ್ಥಾನಿಕರು ಅಂಥದನ್ನೇ ಮರಾಠಿಯಲ್ಲಿ ಆಡಬೇಕೆಂದು ವಿಷ್ಣುದಾಸ ಭಾವೆಯವರಿಗೆ ಆಜ್ಞಾಪಿಸಿದರು. ಹೀಗೆ ಹುಟ್ಟಿತು ೧೮೪೩ರ ‘ಸೀತಾಸ್ವಯಂವರ’. ಭಾವೆಯವರ ಪದ್ಧತಿಯಲ್ಲಿ ಪದ್ಯಗಳನ್ನೆಲ್ಲ ಸೂತ್ರಧಾರನೇ ಹಾಡುವನು. ಪಾತ್ರಧಾರಿಗಳು ಸಮಯಕ್ಕೆ ತಕ್ಕಂತೆ ಮಾತು ಕಟ್ಟಿ ಆಡುವರು. ಈ ಸೂತ್ರಧಾರನಲ್ಲಿ ಯಕ್ಷಗಾನದ ಭಾಗವತನ ಗುರುತು ಹಿಡಿಯುವುದು ಕಷ್ಟವಲ್ಲ.

ಕಿರ್ಲೋಸ್ಕರರು ಮಾಡಿದ ಕ್ರಾಂತಿಯು ಇಲ್ಲಿಯೇ ಇದೆ. ಪಾರಸೀ ಕಂಪನಿಯ ‘ಇಂದ್ರಸಭಾ’ವನ್ನು ಕಂಡ ಮೇಲೆ ಅವರಿಗೆ ಈ ಹೊಸ ವಿಚಾರ ಹೊಳೆಯಿತೆಂದು ಹೇಳುತ್ತಾರೆ. ಅವರು ಹಾಡನ್ನು ಸೂತ್ರಧಾರನ ಬಾಯಿಂದ ತೆಗೆದು ಪಾತ್ರಗಳ ಬಾಯಿಗೆ ಕೊಟ್ಟರು. ಗದ್ಯವನ್ನೂ ಬರೆದಿಟ್ಟು ಕಲಿಸಿದರು. ದುಷ್ಯಂತನ ಮಾತು ಎಲ್ಲಿ ನಿಲ್ಲುವುದೋ ಅಲ್ಲಿಂದ ಅವನ ಹಾಡು ಮೊದಲಾಗುವುದು. ಸುಮಾರು ೨೦೦ ಪದ್ಯಗಳಿದ್ದ ‘ಶಾಕುಂತಲ’ವು ಹೀಗೆ ಪ್ರೇಕ್ಷಕರನ್ನು ಗೆದ್ದಿತು. ೧೮೮೨ರ ‘ಸೌಭದ್ರ’ವು ಅದಕ್ಕಿಂತ ಹೆಚ್ಚು ಲೋಕಪ್ರಿಯವಾಯಿತು. ‘ರಾಮರಾಜ್ಯವಿಯೋಗ’ ಮಾತ್ರ ಅಪೂರ್ಣವಾಗಿ ಉಳಿಯಿತು. ಮೋರೋಬಾ ವಾಘೋಲೀಕರ, ಬಾಳಕೋಬಾ ನಾಟೇಕರ ಇವರ ಕಂಠಗಳೂ ಸ್ತ್ರೀಪಾತ್ರದಲ್ಲಿ ಭಾವೂರಾವ ಕೊಲ್ಹಟಕರರ ಗಾಯನವೂ ಮಂಡಳಿಯ ಮೂಲಧನವಾಗಿದ್ದವು.

ಕಾಳಿದಾಸನ ಈ ನಾಟಕವನ್ನು ಚುರಮುರಿ ಶೇಷಗಿರಿರಾಯರು ಸುಮಾರು ಒಂದು ದಶಕದ ಮೊದಲೇ ಕನ್ನಡಕ್ಕೆ ತಂದಿದ್ದರೆಂಬುದು ಇಲ್ಲಿ ಸ್ಮರಣೀಯ. ಕನ್ನಡದಲ್ಲಿ ಕೃತಿಯಿತ್ತು, ಅದನ್ನು ಊರೂರಿಗೆ ಒಯ್ಯಬಲ್ಲ ಸುಸಂಘಟಿತ ಮಂಡಳಿ ಇರಲಿಲ್ಲ. ಪುಣೆಯು ಕಿರ್ಲೋಸ್ಕರರಿಗೆ ಒದಗಿಸಿದ್ದು ಇದನ್ನೇ: ಹಣ ಕೊಟ್ಟು ನೋಡುವ ವಿದ್ಯಾವಂತ ಪ್ರೇಕ್ಷಕರು, ನಾಟಕಗೃಹ, ವಿಮರ್ಶಿಸುವ ಪತ್ರಿಕೆಗಳು.

ಸ್ಥಾಪಕರ ಮರಣದಿಂದ ಮಂಡಳಿ ಮುರಿಯಲಿಲ್ಲ. ಪ್ರಮುಖ ನಟರೇ ಪಾಲುದಾರರಾಗಿ ಅದನ್ನು ನಡೆಸಿದರು. ಬೆಳಗಾವಿಯಲ್ಲಿ ಕಿರ್ಲೋಸ್ಕರರ ಶಿಷ್ಯರಾಗಿದ್ದ ಗೋವಿಂದ ಬಲ್ಲಾಳ ದೇವಲರು ೧೮೯೯ರಲ್ಲಿ ‘ಶಾರದಾ’ವನ್ನು ಕೊಟ್ಟು, ಪುರಾಣದ ರಂಗದ ಮೇಲೆ ಬಾಲವಧುವಿನ ಸಂಕಟವನ್ನು ತಂದರು. ೧೯೦೫ರಲ್ಲಿ ಬಾಲಗಂಧರ್ವರು ಸೇರಿದರು. ೧೯೧೧ರ ‘ಮಾನಾಪಮಾನ’ಕ್ಕೆ ಗೋವಿಂದರಾವ ಟೇಂಬೆಯವರು ಕೂಡಿಸಿದ ಸಂಗೀತದಿಂದ ಹಿಂದುಸ್ತಾನೀ ರಾಗದಾರಿಯು ಸಾಮಾನ್ಯ ಪ್ರೇಕ್ಷಕನ ಮನೆಯನ್ನು ಹೊಕ್ಕಿತು. ಆದರೆ ಪಾಲುದಾರಿಕೆಯ ಸಂಸ್ಥೆಗೆ ಕೀರ್ತಿಯಷ್ಟೇ ಸಾಲದು. ಒಡೆತನದ ಪ್ರಶ್ನೆ ಇತ್ಯರ್ಥವಾಗಬೇಕು. ೧೯೧೩ರಲ್ಲಿ ಬಾಲಗಂಧರ್ವ, ಟೇಂಬೆ, ಗಣಪತರಾವ ಬೋಡಸರು ಹೊರಬಿದ್ದು ಗಂಧರ್ವ ನಾಟಕ ಮಂಡಳಿಯನ್ನು ಕಟ್ಟಿದರು. ಅನಂತರ ಬಂದ ದೀನಾನಾಥ ಮಂಗೇಶಕರರೂ ೧೯೧೮ರಲ್ಲಿ ಬಿಟ್ಟುಹೋಗಿ ಬಳವಂತ ಸಂಗೀತ ಮಂಡಳಿಯನ್ನು ಸ್ಥಾಪಿಸಿದರು. ಮೂಲ ವೃಕ್ಷವು ಸೊರಗಿತು, ಬೀಳಲುಗಳು ನೆಲವೂರಿದವು.

ಈ ವೈಭವದ ನೆರಳು ಕರ್ನಾಟಕದ ಮೇಲೂ ಬಿದ್ದಿತು. ಮರಾಠೀ ಮಂಡಳಿಗಳು ಧಾರವಾಡ, ಹುಬ್ಬಳ್ಳಿ, ಗದಗಗಳಲ್ಲಿ ಬೀಡುಬಿಟ್ಟಾಗ ಕನ್ನಡಿಗರೇ ಮುಗಿಬಿದ್ದು ನೋಡುತ್ತಿದ್ದರು. ಮರಾಠೀ ನಾಟಕಗಳ ಪ್ರಾಬಲ್ಯವನ್ನು ಕಂಡು ನೊಂದು ಶಾಂತಕವಿಗಳು ೧೮೭೦ರ ದಶಕದಲ್ಲಿಯೇ ಗದಗಿನಲ್ಲಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿದ್ದರು. ಮುಂದೆ ಶಿರಹಟ್ಟಿಯ ವೆಂಕೋಬರಾಯರು, ಗರುಡ ಸದಾಶಿವರಾಯರು, ವಾಮನರಾವ ಮಾಸ್ತರರು ತಮ್ಮ ಮಂಡಳಿಗಳಿಂದ ಕನ್ನಡ ರಂಗಕ್ಕೆ ಕಳೆ ತಂದರು. ವಾಮನರಾಯರ ಕಂಪನಿಯಲ್ಲಿ ಬಾಲನಟರಾಗಿದ್ದ ಮಲ್ಲಿಕಾರ್ಜುನ ಮನಸೂರರು ಮುಂದೆ ಸಂಗೀತ ಲೋಕದ ಮೇರುಗಳಾದರು. ಕುಂದಗೋಳದ ರಾಮಭಾವೂ, ಮರಾಠೀ ರಂಗದ ಮೇಲೆ ಹಾಡಿ ‘ಸವಾಯಿ ಗಂಧರ್ವ’ರೆನಿಸಿದರು. ಅವರ ಸ್ಮರಣೆಗಾಗಿ ಗದಗ ಸೀಮೆಯ ಭೀಮಸೇನ ಜೋಶಿಯವರು ೧೯೫೩ರಲ್ಲಿ ಪುಣೆಯಲ್ಲಿ ಆರಂಭಿಸಿದ ಉತ್ಸವವು, ಕರ್ಕಿಯಿಂದ ಹೊರಟ ದಾರಿಯ ಮತ್ತೊಂದು ತಂಗುದಾಣವಾಗಿದೆ.

ಕೊಟ್ಟದ್ದೆಷ್ಟು, ಕೊಂಡದ್ದೆಷ್ಟು ಎಂಬ ಲೆಕ್ಕವನ್ನು ಅಭಿಮಾನದಿಂದ ಬರೆದರೆ ಖಾತೆ ಹೊಂದುವುದಿಲ್ಲ. ‘ಮೊದಲು ನಾವು’ ಎನ್ನುವ ಕನ್ನಡಿಗನು ಶಾಂತಕವಿಗಳ ನೋವನ್ನು ಮರೆಯುತ್ತಾನೆ. ‘ಎಲ್ಲವೂ ನಮ್ಮದು’ ಎನ್ನುವ ಮರಾಠಿಗನು ಕರ್ಕಿಯ ಮೇಳವನ್ನು ಮರೆಯುತ್ತಾನೆ. ಇದಕ್ಕೆ ಪರಿಹಾರವು ಮುದ್ರಿತ ನಾಟಕಗಳಲ್ಲಿಯೇ ಉಂಟು. ಪ್ರತಿಯೊಂದು ಪದದ ಮೇಲೆ ‘ಚಾಲ’ ಎಂದು ಅದರ ಮೂಲ ಧಾಟಿಯನ್ನು ಸೂಚಿಸುವ ಪದ್ಧತಿಯಿತ್ತು. ಕಿರ್ಲೋಸ್ಕರರು ಕರ್ನಾಟಕದ ಧಾಟಿಗಳನ್ನೂ ಎತ್ತಿಕೊಂಡಿದ್ದಾರೆ. ಆ ಮೂಲ ಕನ್ನಡ ಹಾಡುಗಳನ್ನು ಗುರುತಿಸಿ, ಹಾಡಬಲ್ಲವರಿಂದ ಹಾಡಿಸಿ ದಾಖಲಿಸುವ ಕೆಲಸಕ್ಕೆ ಎರಡೂ ನುಡಿ ಬಲ್ಲವರು ಬೇಕು. ಪುಣೆಯ ಕನ್ನಡಿಗರಿಗಿಂತ ಅದಕ್ಕೆ ಅರ್ಹರು ಯಾರು? ಧಾಟಿ ಬಲ್ಲ ಹಿರಿಯ ಕಂಠಗಳು ವರ್ಷವರ್ಷಕ್ಕೆ ಕಡಮೆಯಾಗುತ್ತಿರುವಾಗ ಈ ಕೆಲಸದಲ್ಲಿ ವಿಲಂಬ ಸಲ್ಲದು.